ಈ ವಿಳಾಸದಲ್ಲಿ ವಾಸವಿಲ್ಲ

ನಮ್ಮಪ್ಪನ ಪಾಸ್‌ಪೋರ್ಟು ದೊಡ್ಡಮನಿ ಗುರುಶಿದ್ದಪ್ಪನ ಸಾವಿಗೆ ಕಾದು ನಿಂತಿತ್ತು.

ಗುರುಶಿದ್ದಪ್ಪ ಸಂಕ್ರಾಂತಿಯಿಂದ ಹಾಸಿಗೆ ಹಿಡಿದಿದ್ದ. ಹುಬ್ಬಳ್ಳಿಯ ದವಾಖಾನೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಅವನ ಮನೆ ಮುತ್ತಲಕೊಪ್ಪದ ನಡು ಊರಿನಲ್ಲಿ, ನಮ್ಮ ಮನೆ ಊರ ಹೊರಗಿನ ಕೇರಿಯಲ್ಲಿ. ಅವನಿಗೂ ನಮಗೂ ಮಾತಿಲ್ಲ, ಜಗಳವಿಲ್ಲ. ಆದರೂ ಅವನ ಉಸಿರು ನಿಲ್ಲುವ ತನಕ ಅಪ್ಪನ ಕಾಗದ ಮುಂದೆ ಹೋಗುವುದಿಲ್ಲ ಎಂದು ಪೊಲೀಸನೇ ಹೇಳಿ ಹೋಗಿದ್ದ. ಅದು ಹೇಗೆಂದು ಹೇಳುತ್ತೇನೆ.

ಅಪ್ಪನ ಹೆಸರು ನೀಲಪ್ಪ. ಹಲಗೆ ಬಡಿಯುವವನು. ಅವನ ಅಪ್ಪ, ಅಜ್ಜ ಅದನ್ನೇ ಮಾಡಿದರು. ಊರಿನಲ್ಲಿ ಯಾರು ಸತ್ತರೂ ಹೆಣದ ಮುಂದೆ ನಮ್ಮ ಮನೆಯ ಹಲಗೆ ಬಡಿಯಬೇಕು. ನಾನು ಸಣ್ಣವಳಿದ್ದಾಗ ನೋಡಿದ್ದೇನೆ. ಹೆಣ ಏಳುವ ತನಕ ಬಿಸಿಲಲ್ಲಿ ನಿಲ್ಲಬೇಕು. ಹುಲ್ಲು ಉರಿಸಿ ಚರ್ಮ ಕಾಯಿಸಬೇಕು. ಹಲಗೆಯ ಹಗ್ಗ ಹೆಗಲ ತೊಗಲು ಸುಲಿಯುತ್ತದೆ. ಎಡಗೈಯ ಸಣ್ಣ ಕಡ್ಡಿ ಬೆರಳ ಸಂದು ಸೀಳುತ್ತದೆ. ಹೆಣಕ್ಕೆ ಬೆನ್ನು ತೋರಿಸುವಂತಿಲ್ಲ. ಹಿಂದಕ್ಕೆ ಹಿಂದಕ್ಕೆ ನಡೆಯುತ್ತಲೇ ಬಡಿಯಬೇಕು. ಕಲ್ಲುಮುಳ್ಳು ಕಾಲಿಗೆ ತಿಳಿಯಬಾರದೆಂದು ಬೆಳಿಗ್ಗೆಯೇ ಸೆರೆ ಕುಡಿಸುತ್ತಿದ್ದರು. ಹೆಣ ಮಣ್ಣು ಮಾಡಿ ಮುಗಿದ ಮೇಲೆ ಹೊಲದ ಬದುವಿನಲ್ಲಿ ಕೂರಿಸಿ, ಮೇಲೆ ನಿಂತು ರೊಟ್ಟಿ ಬಿಡುತ್ತಿದ್ದರು. ಅಪ್ಪ ಟವೆಲ್ಲು ಒಡ್ಡಿ ಹಿಡಿಯುತ್ತಿದ್ದ. ನೆಲಕ್ಕೆ ಬಿದ್ದದ್ದನ್ನು ಒರೆಸಿ ನನಗೆ ಕೊಡುತ್ತಿದ್ದ. ನಾನು ತಿಂದಿದ್ದೇನೆ.

ನಾನು ಹೈಸ್ಕೂಲು ಸೇರಿದ ವರ್ಷ ನಮ್ಮ ಕೇರಿಯವರು ಧಾರವಾಡಕ್ಕೆ ಹೋಗಿ ಬುದ್ಧನ ದೀಕ್ಷೆ ತೆಗೆದುಕೊಂಡರು. ಇನ್ನು ಹೆಣಕ್ಕೆ ಬಡಿಯುವುದಿಲ್ಲ ಎಂದು ಊರಿಗೆ ಹೇಳಿದರು. ಊರು ಸಿಟ್ಟಾಯಿತು. ಆಮೇಲೆ ಸುಮ್ಮನಾಯಿತು. ಮರೆತಿದ್ದಾರೆ ಎಂದೇ ನಾವು ತಿಳಿದಿದ್ದೆವು. ಅಪ್ಪ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಲಾರಿಗೆ ಮೂಟೆ ಏರಿಸುವ ಕೆಲಸ ಹಿಡಿದ. ಅವ್ವ ಕಸ್ತೂರೆವ್ವ ಕೂಲಿಗೆ ಹೋದಳು. ನಾನು ಓದಿ ಧಾರವಾಡದಲ್ಲಿ ಟೀಚರ್ ಆದೆ, ಊರಿನಿಂದಲೇ ದಿನಾ ಹೋಗಿ ಬರುತ್ತಿದ್ದೆ.

ಹಲಗೆ ಗೋಡೆಯ ಮೊಳೆಯಲ್ಲೇ ಇತ್ತು. ಬಾಬಾಸಾಹೇಬರ ಜಯಂತಿಗೆ ಮಾತ್ರ ಅಪ್ಪ ಅದನ್ನು ಇಳಿಸುತ್ತಿದ್ದ. ಅಂಥ ಒಂದು ಜಯಂತಿಯಲ್ಲಿ ಶಶಿಕುಮಾರ ಸರ್ ಅವನ ಬಡಿತ ಕೇಳಿದರು. ಅವರು ನಮ್ಮವರೇ, ವಿಶ್ವವಿದ್ಯಾಲಯದಲ್ಲಿ ಜಾನಪದ ಕಲಿಸುವವರು. ಅಲ್ಲಿಂದ ಅಪ್ಪ ವೇದಿಕೆ ಹತ್ತಿದ. ಕುಡಿಯದೆ ಬಡಿದ. ಜನರಿಗೆ ಎದುರಾಗಿ ನಿಂತು ಬಡಿದ. ಹೋದ ವರ್ಷ ಪೋರ್ಚುಗಲ್ ದೇಶದ ವಾದ್ಯಮೇಳಕ್ಕೆ ಹೋಗುವ ತಂಡದಲ್ಲಿ ಸರ್ ಅವನ ಹೆಸರು ಸೇರಿಸಿದರು.

ಹುಬ್ಬಳ್ಳಿಯ ಪಾಸ್‌ಪೋರ್ಟ್ ಕಚೇರಿಗೆ ನಾನೇ ಕರೆದುಕೊಂಡು ಹೋದೆ. ಅಪ್ಪನ ಬೆರಳ ಗುರುತು ಯಂತ್ರಕ್ಕೆ ಸಿಗಲಿಲ್ಲ. ಮೂಟೆಯ ಗೋಣಿ, ಹಲಗೆಯ ಚರ್ಮ, ಎರಡೂ ಸೇರಿ ಗೆರೆಗಳನ್ನು ಸವೆಸಿದ್ದವು. ಅಲ್ಲಿದ್ದ ಹುಡುಗಿ ಒದ್ದೆ ಬಟ್ಟೆ ಕೊಟ್ಟಳು. "ಒರಸಿ ಒತ್ರಿ ಕಾಕಾ, ಗಾಬರಿ ಆಗಬ್ಯಾಡ್ರಿ," ಅಂದಳು. ಒತ್ತಿ ಒತ್ತಿ ಕೊನೆಗೆ ಗುರುತು ಬಿತ್ತು. ಇನ್ನು ಉಳಿದದ್ದು ಪೊಲೀಸರ ವಿಚಾರಣೆ ಮಾತ್ರ.

ಪೊಲೀಸು ಮೈಲಾರಪ್ಪ ಒಂದು ಭಾನುವಾರ ಬಂದ. ಮನೆಗೆ ಬಂದು ವಿಚಾರಿಸಬೇಕಿತ್ತು. ಕೇರಿಗೆ ಕಾಲಿಡಲಿಲ್ಲ. ದೊಡ್ಡಮನಿ ಕಟ್ಟೆಯ ಮೇಲೆ ಕೂತು ಅಪ್ಪನನ್ನು ಅಲ್ಲಿಗೆ ಕರೆಸಿದ. ನಾನೂ ಹೋದೆ. ಅವನ ಪಕ್ಕದಲ್ಲಿ ಗುರುಶಿದ್ದಪ್ಪನ ಮಗ ದುರ್ಗೇಶ ಕೂತಿದ್ದ. ಪಂಚಾಯತಿ ಮೆಂಬರು. ಹಿಂದಿನ ಕಿಟಕಿ ತೆರೆದಿತ್ತು. ಒಳಗಿನಿಂದ ಮುದುಕನ ಉಸಿರು ಗೊರಗೊರ ಕೇಳುತ್ತಿತ್ತು. ನಡುವೆ ನಿಂತುಬಿಡುತ್ತಿತ್ತು. ಆಗ ಕಟ್ಟೆಯವರೆಲ್ಲ ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದರು. ಮತ್ತೆ ಶುರುವಾದರೆ ಮಾತು ಶುರುವಾಗುತ್ತಿತ್ತು.

ಅಪ್ಪ ಚಪ್ಪಲಿ ಬಿಟ್ಟು ಕೆಳಗೆ ನಿಂತ. ಕೂತುಕೋ ಎಂದು ಯಾರೂ ಹೇಳಲಿಲ್ಲ.

"ಫಾರಿನ್ನಿಗೆ ಯಾಕ ಹೊಂಟಿಯೋ?" ಮೈಲಾರಪ್ಪ ಕೇಳಿದ.

"ಹಲಗಿ ಬಡಿಯಾಕ್ರಿ ಸಾಹೇಬ್ರ."

ಕಟ್ಟೆಯ ಮೇಲಿದ್ದವರು ನಕ್ಕರು. ದುರ್ಗೇಶ ನಗಲಿಲ್ಲ.

"ಊರಾಗಿನ ಹೆಣಕ್ಕ ಬಡಿಯಂಗಿಲ್ಲ, ಪರದೇಶದಾಗ ಬಡಿತಾನಂತ," ಅಂದ. "ನೀವ ಹೇಳ್ರಿ ಸಾಹೇಬ್ರ, ಇದು ನ್ಯಾಯೇನು?"

"ಅದೆಲ್ಲಾ ನನಗೇನ್ ಗೊತ್ರಿ. ಇಂವಾ ಇಲ್ಲೇ ಇರ್ತಾನ, ನಡತಿ ಛಲೋ ಐತಿ ಅಂತ ಇಬ್ಬರು ಸಹಿ ಮಾಡ್ಬೇಕು. ಅಷ್ಟ ನನ್ನ ಕೆಲಸ."

"ನಮ್ಮ ಬಾಜೂ ಮನಿಯವ್ರು ಮಾಡ್ತಾರ್ರಿ," ಅಂದೆ ನಾನು.

"ನಿಮ್ಮ ಕೇರಿಯವ್ರೆಲ್ಲಾ ಒಂದ ಬಳಗ, ಟೀಚರ್ರ. ನಡಿಯಂಗಿಲ್ಲ. ಊರಾಗಿನವ್ರು ಬೇಕು."

"ಹಂಗಂತ ಯಾವ ಕಾಯ್ದೆದಾಗ ಐತ್ರಿ?"

ಅವನು ನನ್ನ ಕಡೆ ನೋಡಲಿಲ್ಲ. ಚಹಾ ಬಸಿಗೆ ಸುರುವಿಕೊಂಡ.

ದುರ್ಗೇಶ ಕಿಟಕಿಯ ಕಡೆ ಕೈ ತೋರಿಸಿದ. "ನೀಲಾ, ನಮ್ಮಪ್ಪಂದು ಕೇಳಿಸಾಕತ್ತೈತಿಲ್ಲ? ಇವತ್ತೋ ನಾಳೆನೋ. ನಮ್ಮ ಮುತ್ಯಾನ ಮುಂದ ನಿಮ್ಮಪ್ಪ ಬಡದಾನ. ನಮ್ಮಪ್ಪನ ಮುಂದ ನೀ ಬಡಿ. ಮಣ್ಣು ಮುಗಿಸಿಕೊಂಡ ಬಂದು ನಾನ ಸಹಿ ಮಾಡ್ತೇನಿ. ಇನ್ನೊಬ್ಬನ ಕಡೆಯಿಂದ್ಲೂ ಮಾಡಸ್ತೇನಿ."

ಅಪ್ಪನ ಕಾಲಿನ ಹೆಬ್ಬೆರಳು ನೆಲ ಕೆರೆಯುತ್ತಿತ್ತು.

"ಹಿರಿಯಾರ ಮಾತು ಕೇಳಪ್ಪ," ಮೈಲಾರಪ್ಪ ಎದ್ದು ಟೋಪಿ ಹಾಕಿಕೊಂಡ. "ಅಲ್ಲೀತನಕ ಕಾಗದ ನನ್ನ ಕಡೆ ಇರ್ತೈತಿ."

ಕಾಯುವುದು ಶುರುವಾಯಿತು.

ಊರೆಲ್ಲ ಕಾಯುತ್ತಿತ್ತು. ನಡು ಊರಿನಿಂದ ಹೆಂಗಸರ ದನಿ ಸ್ವಲ್ಪ ಏರಿದರೂ ಅವ್ವನ ಕೈಯಲ್ಲಿ ರೊಟ್ಟಿ ನಿಂತುಬಿಡುತ್ತಿತ್ತು. ದುರ್ಗೇಶನ ಕಡೆಯ ಹುಡುಗರು ಸಂಜೆ ಬೈಕಿನ ಮೇಲೆ ಕೇರಿಯೊಳಗೆ ಒಂದು ಸುತ್ತು ಹಾಕುತ್ತಿದ್ದರು. ಯಾವತ್ತೂ ಬಾರದವರು. ನಮ್ಮ ಬಾಗಿಲ ಮುಂದೆ ಗಾಡಿ ನಿಧಾನ ಮಾಡುತ್ತಿದ್ದರು.

"ಹಲಗಿ ಕಾಸಿಟ್ಟಿಯೇನೋ ನೀಲಾ?"

ಅಷ್ಟೇ ಕೇಳುವುದು. ನಗುವುದೂ ಇಲ್ಲ. ಹೋಗಿಬಿಡುವುದು. ಮರುದಿನ ಮತ್ತೆ ಬರುವುದು.

ಊರಿನ ತುದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಹಾಜರಾಬಿ ಚಾಚಿಯನ್ನು ನಾನು ಸಹಿ ಕೇಳಿದೆ. ಗಂಡ ಇಲ್ಲದ ಹೆಂಗಸು. ಹತ್ತಿರದ ಮನೆ ಎಂದರೆ ಅವಳದೇ. ತಕ್ಷಣ ಹೂಂ ಅಂದಳು. ಎರಡು ದಿನ ಬಿಟ್ಟು ಜೋಳ ಬೀಸಿಸಲು ಹೋದಾಗ ಗಿರಣಿಯ ಪಟ್ಟಿ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದಳು.

"ಭಾಗ್ಯಾ, ನಂದು ಆಗಂಗಿಲ್ಲವಾ. ಗಿರಣಿ ಬಂದ್ ಮಾಡಸ್ತೇವಿ ಅಂದಾರ. ನಾ ಅಂಜೇನಿ. ಸುಳ್ಳ ಯಾಕ ಹೇಳ್ಲಿ."

ಅವಳು ಪಟ್ಟಿ ಮತ್ತೆ ಏರಿಸಿ ಜೋಳ ಬೀಸಿ ಕೊಟ್ಟಳು.

ಶಶಿಕುಮಾರ ಸರ್ ದಿನಾ ಫೋನು ಮಾಡುತ್ತಿದ್ದರು. ಉಳಿದ ಕಲಾವಿದರ ಪಾಸ್‌ಪೋರ್ಟುಗಳು ಬಂದಿದ್ದವು. ವೀಸಾಕ್ಕೆ ಕೊಡುವ ಗಡುವು ಹತ್ತಿರ ಬಂದಿತ್ತು. ಠಾಣೆಗೆ ಅವರೇ ಹೋಗಿ ಬಂದರು. ಮೇಲಿನವರಿಗೂ ಬರೆದರು. ವಿಚಾರಣೆ ನಡೆದಿದೆ ಎಂಬ ಉತ್ತರ ಬಂತು. ಅಪ್ಪ ಎಂದಿನಂತೆ ಮೂಟೆ ಹೊರಲು ಹೋಗುತ್ತಿದ್ದ, ಬರುತ್ತಿದ್ದ. ಉಣ್ಣುವಾಗ ಹಲಗೆಯಿರುವ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದ.

ಮುದುಕ ಒಂದು ಬೆಳಿಗ್ಗೆ ಸತ್ತ. ಎರಡನೇ ಶನಿವಾರ, ನಾನು ಊರಲ್ಲೇ ಇದ್ದೆ. ಹೆಂಗಸರ ಅಳು ಊರಿನ ಮೇಲೆ ಎದ್ದಿತು. ಸ್ವಲ್ಪ ಹೊತ್ತಿಗೆ ದುರ್ಗೇಶನ ಟ್ರ್ಯಾಕ್ಟರ್ ಓಡಿಸುವವ ಕೇರಿಯ ಬಾಯಿಗೆ ಬಂದು ನಿಂತು, "ನೀಲಪ್ಪಗ ಹೇಳ್ರಿ," ಎಂದಷ್ಟೇ ಕೂಗಿ ಹೋದ.

ಕೇರಿಯವರು ನಮ್ಮ ಅಂಗಳದಲ್ಲಿ ಕೂಡಿದರು. ಬಡಿಯಬೇಡ ಎಂದವರಿದ್ದರು. ಬಡಿದುಬಿಡು ಎಂದವರೂ ಇದ್ದರು. ದೀಕ್ಷೆಯ ದಿನ ಎಲ್ಲರಿಗಿಂತ ಮುಂದೆ ನಿಂತಿದ್ದ ಮುದುಕರೇ, "ಒಂದ ಸಲ ಅಲ್ಲೇನಪಾ, ಕೇರಿ ತಣ್ಣಗಿರ್ತೈತಿ," ಅಂದರು.

ಅವ್ವ ಒಳಗಿನಿಂದ ಹೇಳಿದಳು. "ಕಣ್ಣು ಮುಚ್ಚಿ ಒಂದ ಸಲ ಬಡದ ಬರ್ರಿ. ಸಂಜಿಗೆ ಸಹಿ ಆಗ್ತೈತಿ. ಆ ದೇಶ ನೋಡಿ ಬರ್ರಿ. ಇಷ್ಟ ಹೊತ್ತೀರಿ, ಇದೊಂದು ಹೊರ್ರಿ."

ಅಪ್ಪ ಸ್ನಾನ ಮಾಡಿದ. ಇಸ್ತ್ರಿ ಮಾಡಿದ ಅಂಗಿ ಹಾಕಿದ. ಹಿತ್ತಲಿನ ಚೆಂಡು ಹೂವು ಕಿತ್ತು ತಂದು ಹಾರ ಮಾಡು ಎಂದು ಅವ್ವನಿಗೆ ಕೊಟ್ಟ. ಅವ್ವ ಒಪ್ಪಿದನೆಂದುಕೊಂಡು ಲಗುಬಗೆಯಿಂದ ಪೋಣಿಸಿದಳು. ಹಾರ ಹಿಡಿದು ಅವನು ಬಾಗಿಲು ದಾಟಿದ ಮೇಲೆ ನೋಡಿದಳು. ಹಲಗೆ ಮೊಳೆಯಲ್ಲೇ ಇತ್ತು.

ನಾನು ಅವನ ಹಿಂದೆ ಓಡಿದೆ. ನನ್ನ ಜೊತೆ ಚಿಗವ್ವನ ಮಗ ಯಲ್ಲೇಶನೂ ಬಂದ.

ದೊಡ್ಡಮನಿ ಅಂಗಳ ತುಂಬಿತ್ತು. ಗುರುಶಿದ್ದಪ್ಪನನ್ನು ತಲೆಗೆ ಪಟಗ ಸುತ್ತಿ ಕುರ್ಚಿಯಲ್ಲಿ ಕೂರಿಸಿದ್ದರು. ಅಪ್ಪನನ್ನು ಕಂಡು ಜನ ದಾರಿ ಬಿಟ್ಟರು. ಹಲಗೆ ಬಂತು ಎಂದುಕೊಂಡು ಬಿಟ್ಟರು. ಅಪ್ಪ ಹಾರ ಹಿಡಿದು ನೇರವಾಗಿ ಕುರ್ಚಿಯ ಕಡೆ ನಡೆದ. ಆಗ ದುರ್ಗೇಶ ಅಡ್ಡ ಬಂದ.

"ಹಲಗಿ ಎಲ್ಲೈತಿ?"

"ಮನ್ಯಾಗೈತ್ರಿ."

"ತಗೊಂಡ ಬಾ ಹೋಗು. ಹೊತ್ತಾಗೈತಿ."

"ನಾ ಬಡಿಯಾಕ ಬಂದಿಲ್ರಿ. ಊರಾಗಿನ ಹಿರಿಯಾ ಹೋಗ್ಯಾನ. ಮಣ್ಣಿಗೆ ಬಂದೇನಿ."

ಅಂಗಳ ತಣ್ಣಗಾಯಿತು. ಅಳುವ ಹೆಂಗಸರೂ ಬಾಯಿ ಮುಚ್ಚಿದರು. ಅಂಥ ಮಾತು ಆ ಅಂಗಳದಲ್ಲಿ ಯಾರೂ ಕೇಳಿರಲಿಲ್ಲ. ನಮ್ಮವನೊಬ್ಬ ಅವರ ಸಾವಿಗೆ ಬರಿಯ ಮನುಷ್ಯನಾಗಿ ಬಂದಿದ್ದ.

"ಸಹಿ ಬ್ಯಾಡೇನ ನಿನಗ?" ದುರ್ಗೇಶ ಹತ್ತಿರ ಬಂದ.

"ಬ್ಯಾಡ್ರಿ."

ಕೆನ್ನೆಗೆ ಬಿತ್ತು. ಅಪ್ಪ ವಾಲಿದ, ಬೀಳಲಿಲ್ಲ. ಇನ್ನೊಂದು ಬಿತ್ತು. ಯಾರೋ ಹಿಂದಿನಿಂದ ಒದ್ದು ಕೆಡವಿದರು. ಅಂಗಿ ಹರಿಯಿತು. ಹಾರ ಕಿತ್ತು ಎಸೆದರು. ಹೂವಿನ ಮೇಲೆ ಕಾಲುಗಳು ಓಡಾಡಿದವು. ಅಲ್ಲಿ ಗೇಟಿನ ಬಳಿ ಮೈಲಾರಪ್ಪ ನಿಂತಿದ್ದ. ಅವನೂ ಮಣ್ಣಿಗೆ ಬಂದಿದ್ದ. ನಾನು ಅವನ ಕಡೆ ನೋಡಿದೆ. ಅವನು ಮೊಬೈಲು ತೆಗೆದು ನೋಡತೊಡಗಿದ. ಯಲ್ಲೇಶ ಮುನ್ನುಗ್ಗಿದ. ಅಪ್ಪ ಅವನ ರಟ್ಟೆ ಹಿಡಿದ. ನೆಲದ ಮೇಲಿಂದ ಎದ್ದು, ಹೆಣಕ್ಕೆ ಬೆನ್ನು ಹಾಕಿ, ನೆಟ್ಟಗೆ ನಡೆದು ಬಂದ.

ಮನೆಗೆ ಬಂದು ಬಾಯಿ ಮುಕ್ಕಳಿಸಿದ. ನೀರು ಕೆಂಪಗಿತ್ತು. ಅವ್ವ ಅರಿಶಿನ ಕಾಸಿ ಹಚ್ಚಿದಳು. ಹುಬ್ಬಳ್ಳಿಯಿಂದ ಬಾಡಿಗೆಗೆ ತರಿಸಿದ ಬ್ಯಾಂಡಿನ ಸದ್ದು ಸಂಜೆ ಕೇರಿಯ ಪಕ್ಕದಲ್ಲೇ ಹಾದು ಹೋಯಿತು. ನಾವು ಬಾಗಿಲು ಹಾಕಿಕೊಂಡು ಕೂತಿದ್ದೆವು.

ದೂರು ಕೊಡಲು ಠಾಣೆಗೆ ಹೋದೆವು. ಸಾಹೇಬರು ಇಲ್ಲ ಅಂದರು. ಮರುದಿನ ಹೋದೆವು. ಸಾವಿನ ಮನೆಯ ಮೇಲೆ ಕೇಸು ಮಾಡುತ್ತೀರಾ ಅಂದರು. ಕಾಗದ ಇಸಿದುಕೊಂಡರು, ಕೇಸಿನ ನಂಬರು ಕೊಡಲಿಲ್ಲ. ಅಷ್ಟರಲ್ಲಿ ಬೇಲೂರಿನ ಗುತ್ತಿಗೆದಾರ ಅಪ್ಪನಿಗೆ ನಾಳೆಯಿಂದ ಬರಬೇಡ ಅಂದ. ಊರ ಅಂಗಡಿಯಲ್ಲಿ ನಮ್ಮ ಕೇರಿಗೆ ಎಣ್ಣೆ ಇಲ್ಲ, ಬೆಲ್ಲ ಇಲ್ಲ. ಡಬ್ಬಿಗಳು ಕಣ್ಣ ಮುಂದೆಯೇ ಇದ್ದವು. ಇಲ್ಲ ಎನ್ನುತ್ತಿದ್ದರು. ಬೈಕುಗಳು ಈಗ ಬೆಳಗಿನಲ್ಲೂ ಬರತೊಡಗಿದವು. ಈಗ ಅವರು ಏನೂ ಕೇಳುತ್ತಿರಲಿಲ್ಲ.

ಪಾಸ್‌ಪೋರ್ಟಿನದು ಏನಾಯಿತೆಂದು ಕೇಳಲು ನಾನು ಹುಬ್ಬಳ್ಳಿಗೆ ಹೋದೆ. ಕೌಂಟರಿನ ಹೆಣ್ಣುಮಗಳು ಕಂಪ್ಯೂಟರಿನಲ್ಲಿ ಎರಡೆರಡು ಸಲ ನೋಡಿದಳು.

"ಪೊಲೀಸ್ರ ವರದಿ ಬ್ಯಾರೆ ಬಂದೈತ್ರಿ ಮೇಡಂ," ಅಂದಳು. "ಈ ವಿಳಾಸದಾಗ ಈ ಹೆಸರಿನವ್ರು ವಾಸ ಇಲ್ಲಂತ."

ಹುಬ್ಬಳ್ಳಿ ದಾಟಿ ಬಸ್ಸು ಬೈಪಾಸಿಗೆ ಬರುವ ತನಕ ನನಗೆ ಏನೂ ಕಾಣಲಿಲ್ಲ. ಮನೆಗೆ ಬಂದಾಗ ಅಪ್ಪ ಹಿತ್ತಲಲ್ಲಿ ಪಾಯಖಾನೆಗೆಂದು ಗುಂಡಿ ತೋಡುತ್ತಿದ್ದ. ಸೊಂಟದವರೆಗೆ ಮಣ್ಣೊಳಗಿದ್ದ. ನಾನು ಮೇಲೆ ನಿಂತು ಹೇಳಿದೆ.

"ನಾ ಇಲ್ಲಂತೇನು?" ಅಪ್ಪ ಕೇಳಿದ.

"ಹೌದಪ್ಪಾ. ಹಂಗ ಬರದಾರ."

ಅಪ್ಪ ಗುದ್ದಲಿ ಬಿಟ್ಟು ನನ್ನನ್ನೇ ನೋಡಿದ. "ಮತ್ತ ಅವತ್ತು ಹೊಡದದ್ದು ಯಾರಿಗೆ?"

ಅವನು ಆ ಗುಂಡಿಯನ್ನು ಪೂರ್ತಿ ತೋಡಿಯೇ ಮೇಲೆ ಬಂದ.

ಮರುದಿನ ಊರಿನವರು ಹೊಲಕ್ಕೆ ಹೊರಡುವ ಮೊದಲೇ ಅಪ್ಪ ಅಂಗಳದಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿದ. ಹಲಗೆ ಇಳಿಸಿ ಕಾಯಿಸಿದ. ಬೆರಳಿಂದ ತಟ್ಟಿ ನೋಡಿದ. ಅವ್ವ ಬಾಗಿಲಿಗೆ ಬಂದು, "ಎಲ್ಲಿಗ್ರಿ?" ಅಂದಳು. ಅವನು ಹಗ್ಗ ಹೆಗಲಿಗೆ ಹಾಕಿಕೊಂಡು ನಡೆದ. ನಾನೂ ಯಲ್ಲೇಶನೂ ಹಿಂದೆ ಹೋದೆವು. ನಾನು ಮೊಬೈಲು ಹಿಡಿದಿದ್ದೆ. ವಿಡಿಯೋ ಶುರು ಮಾಡಿದೆ.

ಊರ ಬಾಯಲ್ಲಿ ನಿಂತು ಅಪ್ಪ ಬಡಿದ. ಡಂಗುರದ ಪೆಟ್ಟು. ಆಮೇಲೆ ದನಿ ಎತ್ತಿದ.

"ಕೇಳ್ರಪ್ಪೋ ಕೇಳ್ರಿ. ನೀಲಪ್ಪ ಅನ್ನಾಂವ ಈ ಊರಾಗ ಇಲ್ಲಂತ ಪೊಲೀಸ್ರು ಸರ್ಕಾರಕ್ಕ ಬರದಾರ. ಅಂವನ್ನ ಯಾರರ ಕಂಡಿದ್ರ ಹೇಳ್ರಪ್ಪೋ."

ಮಕ್ಕಳು ಮೊದಲು ನಕ್ಕರು. ಬಾಗಿಲುಗಳು ತೆರೆದವು. ಜನ ಹೊಸ್ತಿಲ ಮೇಲೆ ಬಂದು ನಿಂತರು. ಯಾರೂ ತುಟಿ ಎರಡು ಮಾಡಲಿಲ್ಲ. ಅಪ್ಪ ಒಂದು ಓಣಿ ಬಿಡಲಿಲ್ಲ. ಪ್ರತಿ ತಿರುವಿನಲ್ಲಿ ನಿಂತ, ಬಡಿದ, ಅದೇ ಮಾತು ಹೇಳಿದ. ಹಗ್ಗ ಅವನ ಹೆಗಲಿನ ಹಳೆಯ ಗಾಯದ ಮೇಲೆಯೇ ಕೂತಿತ್ತು. ಬೆರಳ ಸಂದಿಯಿಂದ ರಕ್ತ ಹಲಗೆಯ ಅಂಚಿಗೆ ಇಳಿಯುತ್ತಿತ್ತು.

ದೊಡ್ಡಮನಿ ಮುಂದೆ ಬಂದಾಗ ದುರ್ಗೇಶ ಕಟ್ಟೆಯ ಮೇಲೆ ನಿಂತಿದ್ದ. ಅವನ ಹುಡುಗರು ಬಡಿಗೆ ಹಿಡಿದು ಕೆಳಗಿಳಿದರು. ಅಪ್ಪ ನಿಲ್ಲಿಸಲಿಲ್ಲ. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಬಡಿದ. ನಮ್ಮ ಮೈಮೇಲೆ ಬೀಳುತ್ತಾರೆ ಎಂದು ನಾನು ಯಲ್ಲೇಶನ ಅಂಗಿ ಹಿಡಿದುಕೊಂಡೆ.

ಆಗ ಎದುರು ಮನೆಯ ಬೀರವ್ವ ಆಯಿ ಕೋಲು ಊರುತ್ತಾ ಹೊಸ್ತಿಲಿಗೆ ಬಂದಳು. ನಡು ಊರಿನ ಮುದುಕಿ. ಗುರುಶಿದ್ದಪ್ಪನಿಗೆ ದೂರದ ನೆಂಟಳು.

"ಇಲ್ಲೇ ಅದಿಯಲ್ಲೋ ನೀಲಾ," ಅಂದಳು. "ನೀ ಹುಟ್ಟಿದ ವರ್ಷ ನಾ ಈ ಊರಿಗೆ ಸೊಸಿ ಆಗಿ ಬಂದೇನಿ. ಎಲ್ಲಿ ಹೋಗಿದ್ದಿ ನೀ?"

"ಒಳಗ ನಡಿ, ಆಯಿ," ದುರ್ಗೇಶ ಅಂದ.

"ಇದು ನನ್ನ ಮನಿ ಬಾಗ್ಲ. ನೀ ಯಾವಂವ ನಡಿ ಅನ್ನಾಕ?"

ಅವಳು ಒಳಗೆ ಹೋಗಲಿಲ್ಲ. ಹೊಸ್ತಿಲ ಮೇಲೆಯೇ ಕೂತಳು. ಹುಡುಗರು ದುರ್ಗೇಶನ ಮುಖ ನೋಡಿದರು. ಅವನು ನನ್ನ ಕೈಯಲ್ಲಿದ್ದ ಮೊಬೈಲು ನೋಡಿದ. ಅಪ್ಪ ಮುಂದಿನ ಓಣಿಗೆ ತಿರುಗಿದ.

ಆ ವಿಡಿಯೋ ಹಿಡಿದುಕೊಂಡು ನಾನು, ಶಶಿಕುಮಾರ ಸರ್ ದೊಡ್ಡ ಅಧಿಕಾರಿಗಳ ಬಾಗಿಲು ಬಾಗಿಲು ಅಲೆದೆವು. ಮರುವಿಚಾರಣೆಗೆ ಆದೇಶವಾಗುವ ಹೊತ್ತಿಗೆ ತಂಡ ವಿಮಾನ ಹತ್ತಿತ್ತು. ತಂಡದ ಜೊತೆ ಹೋಗಿದ್ದ ಸರ್ ಅಲ್ಲಿಂದ ಫೋನು ಮಾಡಿ ಅತ್ತರು. "ಛಲೋ ಬಡೀರಿ ಅಂತ ನಮ್ಮವ್ರಿಗೆ ಹೇಳ್ರಿ ಸರ," ಅಂದ ಅಪ್ಪ. ಫೋನು ಇಟ್ಟ ಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಈ ಸಲ ಬೇರೆ ಪೊಲೀಸು ಬಂದ. ಕೇರಿಗೇ ಬಂದ. ಕಾರ್ಯಕ್ರಮ ಮುಗಿದಿದೆಯಲ್ಲ, ಇನ್ನೇಕೆ ಪಾಸ್‌ಪೋರ್ಟು ಎಂದು ಕೇಳಿದ.

"ನಾ ಇಲ್ಲೇ ಇರ್ತೇನಿ ಅಂತ ಬರದು ಕೊಡ್ರಿ. ನನಗ ಅದು ಬೇಕು," ಅಂದ ಅಪ್ಪ.

ಬೀರವ್ವ ಆಯಿ ಕೋಲೂರಿಕೊಂಡು ನಮ್ಮ ಅಂಗಳಕ್ಕೆ ಬಂದು ಹೆಬ್ಬೆಟ್ಟು ಒತ್ತಿದಳು. ಎರಡನೆಯ ಸಹಿಗೆ ಯಾರೂ ಇರಲಿಲ್ಲ. ಪೊಲೀಸು ಎದ್ದು ನಿಂತ ಮೇಲೆ ಹಾಜರಾಬಿ ಚಾಚಿ ಸೆರಗಿಗೆ ಹಿಟ್ಟಿನ ಕೈ ಒರೆಸುತ್ತಾ ಬಂದಳು. ಯಾರ ಮುಖವನ್ನೂ ನೋಡದೆ ಸಹಿ ಮಾಡಿ ಹೋದಳು. ಆ ವಾರವೇ ಅವಳ ಗಿರಣಿಯ ವೈರು ಕತ್ತರಿಸಿ ಬಿದ್ದಿತ್ತು. ಯಲ್ಲೇಶ ಹೋಗಿ ಜೋಡಿಸಿದ. ಮತ್ತೆ ಕತ್ತರಿಸಿದರು.

ಮೊದಲ ಮಳೆಯ ಹೊತ್ತಿಗೆ ಟಪಾಲಿನವ ಅಪ್ಪನಿಗೆ ಫೋನು ಮಾಡಿದ. ಪಾಸ್‌ಪೋರ್ಟು ಬಂದಿದೆ, ಊರ ಕಟ್ಟೆಗೆ ಬಂದು ಒಯ್ಯಿ ಅಂದ.

"ಅದರ ಮ್ಯಾಲೆ ವಿಳಾಸ ಎಲ್ಲೀದು ಐತಿ ನೋಡ್ರಿ," ಅಪ್ಪ ಹೇಳಿದ. "ಅಲ್ಲಿಗೆ ತರ್ರಿ."

ಬಹಳ ಹೊತ್ತಾಯಿತು. ನಾವು ಬಾಗಿಲಲ್ಲಿ ನಿಂತಿದ್ದೆವು. ಟಪಾಲಿನವ ಸೈಕಲ್ಲು ನೂಕುತ್ತಾ, ಹಿಂದೆ ಹಿಂದೆ ತಿರುಗಿ ನೋಡುತ್ತಾ ಬಂದ. ಅವನ ಬೆನ್ನಿಗೇ ಬೈಕುಗಳು ಬಂದು ಕೇರಿಯ ಬಾಯಲ್ಲಿ ನಿಂತವು. ದುರ್ಗೇಶನೂ ಇದ್ದ. ಅಪ್ಪ ಸಹಿ ಮಾಡಿದ. ಲಕೋಟೆ ಕೈಗೆ ಬಂದದ್ದೇ ಟಪಾಲಿನವ ಬೇರೆ ದಾರಿ ಹಿಡಿದು ಹೊಲದ ಮೇಲೆ ಹೊರಟುಹೋದ.

ಅಪ್ಪ ಅದನ್ನು ನನ್ನ ಕೈಗೆ ಕೊಟ್ಟ. ನಾನು ಹೆಸರು ಓದಿದೆ. ಊರು ಓದಿದೆ. ಇನ್ನೊಮ್ಮೆ ಓದು ಅಂದ. ಓದಿದೆ.

"ಇದನ್ನ ತಗೊಂಡ ಇನ್ನ ಎಲ್ಲಿಗೆ ಹೊಂಟೀರಿ?" ಅವ್ವ ಮೆಲ್ಲಗೆ ಕೇಳಿದಳು.

"ಎಲ್ಲಿಗೂ ಇಲ್ಲ."

ಅಪ್ಪ ಒಳಗಿನಿಂದ ಹಗ್ಗದ ಹೊರಸು ಎಳೆದು ತಂದು ಬಾಗಿಲ ಮುಂದೆ ಹಾಕಿದ. ಕೇರಿಯ ಬಾಯಿಗೆ ಮುಖ ಮಾಡಿ ಕೂತ. ಯಲ್ಲೇಶ ಬಂದು ಪಕ್ಕದಲ್ಲಿ ಕೂತ. ಬಾಜೂ ಮನೆಯವರು ಒಬ್ಬೊಬ್ಬರಾಗಿ ಹೊರಗೆ ಬಂದರು. ಮಳೆ ಹನಿಯತೊಡಗಿತು. ಬೈಕುಗಳ ಇಂಜಿನುಗಳು ನಿಂತವು. ಯಾರೂ ಗಾಡಿಯಿಂದ ಇಳಿಯಲಿಲ್ಲ. ಹೋಗಲೂ ಇಲ್ಲ. ಅಪ್ಪನೂ ಏಳಲಿಲ್ಲ.